ಗೋರ್ವಾದ ಶೆಡ್ಡಿನಲ್ಲಿ ಕನ್ನಡದ ಜಾಗ

ಮಕ್ಕಳು ಕೂರುವ ಜಾಗ ಕಟ್ಟಿಕೊಡುವುದು ನನ್ನ ಕೆಲಸ. ಸೂರತ್ತಿನ ಎರಡು ಶಾಲೆಗಳಲ್ಲಿ ನಾನು ರೂಪಿಸಿದ ತರಗತಿಗಳಿವೆ, ಅಹಮದಾಬಾದಿನ ನವರಂಗಪುರದಲ್ಲಿ ಒಂದು ಓದುವ ಕೋಣೆ ಇದೆ. ಎಲ್ಲೇ ಹೋದರೂ ನಾನು ಮೊದಲು ನೋಡುವುದು ನೆಲ. ಯಾವ ಕಲ್ಲು ಸವೆದಿದೆ, ಯಾವ ಮೂಲೆಯ ದೂಳು ಹಾಗೇ ಕೂತಿದೆ ಅಂತ. ಜನ ಎಲ್ಲಿ ನಿಲ್ಲುತ್ತಾರೆ ಅನ್ನುವುದರ ಬಗ್ಗೆ ಮಾಲೀಕರು ಸುಳ್ಳು ಹೇಳಬಹುದು, ನೆಲ ಹೇಳುವುದಿಲ್ಲ. ಈ ಚಟದಿಂದಾಗಿ ಮದುವೆಮನೆಯಲ್ಲೂ ತಲೆ ತಗ್ಗಿಸಿಕೊಂಡೇ ಓಡಾಡುತ್ತೇನೆ. ನೋಡಿದವರು, ಪಾಪ, ಎಷ್ಟು ಸಾಧು ಹೆಂಗಸು ಅಂದುಕೊಳ್ಳುತ್ತಾರೆ. ನನ್ನ ಬಡಗಿಗಳನ್ನು ಕೇಳಿದರೆ ಬೇರೆಯೇ ಮಾತು ಬರುತ್ತದೆ.

ವಡೋದರಾದ ನಮ್ಮ ಕನ್ನಡ ಸಂಘಕ್ಕೆ ಗೋರ್ವಾದಲ್ಲಿ ಒಂದು ಹಳೆಯ ಶೆಡ್ ಸಿಕ್ಕಿತು. ಹಿಂದೆ ಅಲ್ಲಿ ನಲ್ಲಿಯ ಬಿಡಿಭಾಗ ತಯಾರಿಸುತ್ತಿದ್ದರಂತೆ. ಮಷೀನು ಕೂತಿದ್ದ ಕಡೆಯೆಲ್ಲ ಎಣ್ಣೆಯ ಕಲೆ. ಅದನ್ನು ಸಂಘದ ಮನೆಯಾಗಿ ಮಾಡುವ ಕೆಲಸ ನಾನು ಪುಕ್ಕಟೆ ಮಾಡಿಕೊಡುತ್ತೇನೆ ಎಂದೆ. ಔದಾರ್ಯವೇನಲ್ಲ. ಭಾನುವಾರ ಅಲ್ಲಿ ಮಕ್ಕಳಿಗೆ ಕನ್ನಡ ತರಗತಿ ನಡೆಯುವುದಿತ್ತು, ನನ್ನ ಒಂಬತ್ತು ವರ್ಷದ ಮಗಳೂ ಸೇರುವವಳಿದ್ದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ. ಗೆಳತಿಯರ ಜೊತೆ ಗುಜರಾತಿ, ನನ್ನ ಜೊತೆ ಹಿಂದಿ. ಧಾರವಾಡದಲ್ಲಿ ಹುಟ್ಟಿ ಬೆಳೆದವಳು ನಾನು. ಹೊಟ್ಟೆಯಲ್ಲಿ ಹುಟ್ಟಿದ ಮಗಳು ನನ್ನ ಮಾತಿನಲ್ಲಿ ನನಗೆ ಉತ್ತರ ಕೊಡುವುದಿಲ್ಲವಲ್ಲ ಅನ್ನುವ ಸಂಕಟ ನನಗೆ ಎಷ್ಟಿತ್ತೆಂದು ಯಾರಿಗೂ ಹೇಳಿರಲಿಲ್ಲ. ಒಂದು ಕೋಣೆಯನ್ನು ಸರಿಯಾಗಿ ಕಟ್ಟಿದರೆ ಅವಳ ಬಾಯಿ ಬಿಚ್ಚೀತು ಎಂದು ನಂಬಿದ್ದೆ. ನನಗೆ ಬರುವ ವಿದ್ಯೆ ಅದೊಂದೇ.

ಸಂಘದ ಕಾರ್ಯದರ್ಶಿ ಹಾಸನದ ಕಡೆಯವರು, ವಿಮಾ ಕಚೇರಿಯಿಂದ ನಿವೃತ್ತರಾದವರು. ನಕ್ಷೆ ಬಿಚ್ಚುವ ಮೊದಲೇ ಶುರು ಮಾಡಿದರು.

"ಮೊದಲು ಸ್ಟೇಜು, ಮೇಡಂ. ಮಕ್ಕಳು ಎಲ್ಲಾದ್ರೂ ಕೂತ್ಕೋತಾರೆ. ಸ್ಟೇಜಿಲ್ದೆ ಸನ್ಮಾನ ಎಲ್ಲಿ ಮಾಡೋದು?"

"ಯಾರಿಗ್ರೀ ಸನ್ಮಾನ? ಇರೋದು ನಾವ ನಲವತ್ತು ಮನಿ. ಎಲ್ಲಾರಿಗೂ ಎರಡೆರಡು ಶಾಲು ಆಗ್ಯಾವ."

ಅವರು ನಗಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ನಮ್ಮ ಸಂಘಗಳನ್ನು ಮೀರಿಸುವವರಿಲ್ಲ. ನಾಲ್ಕು ಜನ ಕನ್ನಡಿಗರು ಸೇರಿದರೆ ಮೊದಲು ವೇದಿಕೆ, ಆಮೇಲೆ ಮೈಕು, ಕೊನೆಗೆ ಕೇಳುವವರು ಎಲ್ಲಿದ್ದಾರೆ ಎಂದು ಹುಡುಕಾಟ. ಜಗಳವಾಡಿ ಆಡಿ, ಒಂದು ತುದಿಗೆ ಒಂದಡಿ ಎತ್ತರದ ಸಣ್ಣ ಕಟ್ಟೆಗೆ ಒಪ್ಪಂದವಾಯಿತು. ಉಳಿದ ಜಾಗವೆಲ್ಲ ನನ್ನದು.

ನಾಲ್ಕು ಗುಂಡು ಮೇಜು ಮಾಡಿಸಿದೆ. ಮಕ್ಕಳ ಎತ್ತರಕ್ಕೆ ಪುಸ್ತಕದ ಕಪಾಟು, ಎಣ್ಣೆಯ ಕಲೆಗಳ ಮೇಲೆ ಕೋಟಾ ಕಲ್ಲು, ಕಿಟಕಿಯ ಬಳಿ ಹಳದಿ ಬಣ್ಣದ ಬೆಂಚು. ಸೂರತ್ತಿನಲ್ಲಿ ಇದೇ ಮಾದರಿ ಗೆದ್ದಿತ್ತು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡುವಂತೆ ಕೂರಿಸಿದರೆ ಮಾತು ತಾನಾಗಿ ಹುಟ್ಟುತ್ತದೆ ಅನ್ನುವುದು ನನ್ನ ನಂಬಿಕೆ. ಪ್ರಾರಂಭದ ದಿನ ಬಂದವರೆಲ್ಲ ಹೊಗಳಿದರು. ನಾನು ಪೂರಿಯ ಹಾಗೆ ಉಬ್ಬಿದೆ.

ಮಾತು ಹುಟ್ಟಿತು, ಅನುಮಾನವಿಲ್ಲ. ಮೊದಲ ಭಾನುವಾರ ಹತ್ತೇ ನಿಮಿಷದಲ್ಲಿ ಶೆಡ್ಡಿನ ತಗಡು ನಡುಗುವಷ್ಟು ಮಾತು. ಅಷ್ಟೂ ಗುಜರಾತಿ. ಪಾಠ ಹೇಳಲು ಬರುತ್ತಿದ್ದವರು ಬ್ಯಾಂಕ್ ಅಧಿಕಾರಿಯೊಬ್ಬರ ಹೆಂಡತಿ, ಗಟ್ಟಿಯಾಗಿ ಮಾತಾಡದ ಹೆಂಗಸು. ನಾಲ್ಕು ಮೇಜಿನ ಸುತ್ತ ಪ್ರದಕ್ಷಿಣೆ ಹಾಕಿ ಹಾಕಿ ನನ್ನ ಬಳಿ ಬಂದರು. "ಮೇಜು ತುಂಬಾ ಚೆನ್ನಾಗಿದೆ ಕಣಮ್ಮಾ. ಮಕ್ಕಳಿಗೆ ನನ್ನ ಅವಶ್ಯಕತೆಯೇ ಬೀಳ್ತಿಲ್ಲ."

ಮೂರು ದಿನ ನನಗೆ ಸಿಟ್ಟು, ಅವರ ಮೇಲೂ, ಮೇಜಿನ ಮೇಲೂ. ನಾಲ್ಕನೆಯ ದಿನ ಸಿಟ್ಟು ಇಳಿದು ಕುತೂಹಲ ಏರಿತು. ಇಷ್ಟು ದೊಡ್ಡ ಶೆಡ್ಡಿನಲ್ಲಿ ಕನ್ನಡ ಎಲ್ಲಾದರೂ ಒಂದು ಕಡೆ ಇರಲೇಬೇಕಲ್ಲ, ಎಲ್ಲಿದೆ?

ಮುಂದಿನ ಭಾನುವಾರ ಶೆಡ್ಡಿನ ನಕ್ಷೆಯನ್ನು ದೊಡ್ಡ ಹಾಳೆಯ ಮೇಲೆ ಬರೆದುಕೊಂಡು ಮೂಲೆಯಲ್ಲಿ ಕೂತೆ. ಮಗು ಕನ್ನಡ ಆಡಿದರೆ ಆ ಜಾಗದಲ್ಲಿ ಕೆಂಪು ಚುಕ್ಕಿ, ಬೇರೆ ಭಾಷೆ ಆಡಿದರೆ ನೀಲಿ ಚುಕ್ಕಿ. ನಾಲ್ಕು ಭಾನುವಾರ ಇದೇ ಕೆಲಸ. ಮೇಜುಗಳೆಲ್ಲ ನೀಲಿ. ಕಿಟಕಿಯ ಬೆಂಚು ನೀಲಿ. ಕಟ್ಟೆಯ ಮೇಲೆ ಕನ್ನಡ ಕೇಳಿಸುತ್ತಿತ್ತು, ಆದರೆ ಅದು ಬಾಯಿಪಾಠದ ಪದ್ಯ. ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಆದರೆ ಹಿಂದುಗಡೆ, ಅಡುಗೆಕೋಣೆಯ ಬಾಗಿಲಿನ ಮುಂದೆ, ನಾನು ಚಪ್ಪಲಿ ಗೂಡು ಬಿಟ್ಟು ಬೇರೇನೂ ಇಡದ ಇಕ್ಕಟ್ಟು ಓಣಿಯಲ್ಲಿ, ದಾಳಿಂಬೆ ಚೆಲ್ಲಿದ ಹಾಗೆ ಕೆಂಪು.

ನನಗೆ ನಿದ್ದೆ ಬರದಷ್ಟು ಕುತೂಹಲ. ಓಣಿಯ ಅಗಲ ಅಳೆದೆ, ಮೂರಡಿ. ಬೆಳಕು ಮಂದ. ಕತ್ತಲಲ್ಲಿ ಮಕ್ಕಳಿಗೆ ನಾಚಿಕೆ ಕಡಿಮೆಯಾಗುತ್ತದೆಯೇ? ಗೋಡೆ ಹತ್ತಿರವಿದ್ದರೆ ಧೈರ್ಯ ಬರುತ್ತದೆಯೇ? ಹೀಗೆ ಪಂಡಿತಳ ಹಾಗೆ ಯೋಚಿಸಿ, ಕೊನೆಗೆ ಪೆದ್ದಿಯ ಹಾಗೆ ಅಲ್ಲೇ ಹೋಗಿ ನಿಂತೆ. ಒಳಗೆ ಒಬ್ಬರು ಅಜ್ಜಿ ಗೋಳಿಬಜೆ ಕರಿಯುತ್ತಿದ್ದರು. ಇವರು ವಡೋದರಾದಲ್ಲೇ ಉಡುಪಿ ಹೋಟೆಲು ನಡೆಸುವವರೊಬ್ಬರ ತಾಯಿ. ಭಾನುವಾರ ಮಕ್ಕಳಿಗೆ ತಿಂಡಿ ಮಾಡುವ ಕೆಲಸವನ್ನು ಯಾರೂ ಕೇಳದೆ ವಹಿಸಿಕೊಂಡವರು. ಒಬ್ಬ ಹುಡುಗ ಬಾಗಿಲಲ್ಲಿ ನಿಂತು ಗುಜರಾತಿಯಲ್ಲಿ ಏನೋ ಕೇಳಿದ. ಅಜ್ಜಿ ಬಾಣಲೆಯಿಂದ ತಲೆ ಎತ್ತಲಿಲ್ಲ.

"ಎಂತ ಮಗಾ? ಸಮ ಹೇಳು. ನಂಗೆ ಕೇಳುದಿಲ್ಲ."

"ಇನ್ನೊಂದು ಬೇಕು ಅಜ್ಜಿ."

"ಹಾಂ, ಈಗ ಕೇಳ್ತು. ತಕೋ."

ಇದೇ ಅಜ್ಜಿ ಹೋದ ವಾರ ತರಕಾರಿ ಗಾಡಿಯವನ ಜೊತೆ ಬದನೆಕಾಯಿಗೆ ಅರ್ಧ ಗಂಟೆ ಗುಜರಾತಿಯಲ್ಲಿ ಕುಸ್ತಿ ಮಾಡಿದ್ದನ್ನು ನಾನೇ ಕಂಡಿದ್ದೆ. "ನಿಮಗ ಗುಜರಾತಿ ಬರ್ತದಲ್ರೀ ಅಜ್ಜಿ?" ಎಂದೆ.

"ಬರ್ತದೆ. ತರಕಾರಿಗೆ ಮಾತ್ರ," ಎಂದು ನನ್ನ ಕೈಗೂ ಎರಡು ಗೋಳಿಬಜೆ ಇಟ್ಟರು.

ಮರುವಾರವೇ ಅಡುಗೆಕೋಣೆಯ ಗೋಡೆ ಒಡೆಸಿದೆ. ಕಾರ್ಯದರ್ಶಿಯವರು ಓಡಿಬಂದರು. "ಪಾಠದ ಜಾಗಕ್ಕೆ ಕರಿದ ವಾಸನೆ ಬರಲ್ವಾ ಮೇಡಂ?"

"ಬರ್ಲಿ ಅಂತನ ಒಡಸಾಕತ್ತೇನ್ರಿ."

ಗೋಡೆಯಲ್ಲಿ ಮಕ್ಕಳ ಮೊಣಕೈ ಎತ್ತರಕ್ಕೆ ಅಗಲವಾದ ಕಿಂಡಿ, ಅದರ ಈಚೆಗೆ ಕಲ್ಲಿನ ಹಲಗೆ, ಹಲಗೆಯ ಉದ್ದಕ್ಕೂ ಸ್ಟೂಲು. ಗುಂಡು ಮೇಜುಗಳಲ್ಲಿ ಮೂರನ್ನು ದೂರ ಸರಿಸಿದೆ. ನಾನೇ ಮಾಡಿಸಿದ್ದನ್ನು ನಾನೇ ಎತ್ತಿಸಿದೆ. ಪಾಠ ಹೇಳುವವರು ಈಗ ಕಿಂಡಿಯ ಆ ಕಡೆ, ಅಜ್ಜಿಯ ಪಕ್ಕದಲ್ಲಿ ನಿಂತರು. ಉಪ್ಪು, ಬೆಲ್ಲ, ಲೋಟ, ಸೌಟು, ಬೇಕಾದ್ದನ್ನು ಮಕ್ಕಳು ಹೆಸರಿಟ್ಟು ಕೇಳಬೇಕು. ಎರಡನೆಯ ಭಾನುವಾರ ನನ್ನ ಮಗಳು ಹಲಗೆಯ ಮೇಲೆ ಮೊಣಕೈ ಊರಿ ಕೇಳಿದಳು: "ಅಜ್ಜಿ, ನಂಗೆ ಬಿಸಿ ಬಿಸಿದು ಕೊಡಿ." ನಾನು ಮೂಲೆಯಲ್ಲಿ ಕೂತು ಕೆಂಪು ಚುಕ್ಕಿಯನ್ನು ಎಷ್ಟು ಒತ್ತಿ ಇಟ್ಟೆನೆಂದರೆ ಪೆನ್ಸಿಲಿನ ಮೊನೆ ಮುರಿಯಿತು. ಕಣ್ಣು ತುಂಬಿ ಬಂದದ್ದು ಸುಳ್ಳಲ್ಲ.

ತರಗತಿ ಮುಗಿದ ಮೇಲೆ ಅವಳು ಹಾಳೆ ನೋಡಿ ಇದೇನು ಎಂದು ಹಿಂದಿಯಲ್ಲಿ ಕೇಳಿದಳು. ವಿವರಿಸಿದೆ. ಬಹಳ ಆಸಕ್ತಿಯಿಂದ ಬೆರಳಾಡಿಸುತ್ತ ನೋಡಿದಳು. ಅದೊಂದು ಗುಣ ನನ್ನಿಂದ ಬಂದದ್ದು. ಹಾಳೆಯಲ್ಲಿ ನಾನು ಕೂತಿದ್ದ ಮೂಲೆ ಖಾಲಿ ಇತ್ತು. ನೀನೆಲ್ಲಿ, ಎಂದಳು. ನಾನು ಮಕ್ಕಳನ್ನು ಮಾತ್ರ ಲೆಕ್ಕ ಹಿಡಿದದ್ದು ಎಂದೆ. ಅವಳು ನೀಲಿ ಪೆನ್ಸಿಲ್ ಎತ್ತಿಕೊಂಡು ನನ್ನ ಮೂಲೆಯಲ್ಲಿ ಒಂದು ಚುಕ್ಕಿ ಇಟ್ಟಳು. ಆಮೇಲೆ ಇನ್ನೊಂದು, ಮತ್ತೊಂದು.

"ಏ, ನಾ ಕನ್ನಡದಾಕಿ!" ಎಂದೆ.

ನೀನು ಇಲ್ಲಿ ಎಲ್ಲರ ಜೊತೆ ಕನ್ನಡ ಮಾತಾಡುತ್ತೀ, ನನ್ನ ಜೊತೆ ಇಲ್ಲ, ಎಂದಳು. ದೂರುವ ದನಿಯಲ್ಲ. ನನ್ನ ಟೇಪು ಎರಡಿಂಚು ತಪ್ಪಿದ್ದನ್ನು ಬಡಗಿ ತೋರಿಸಿಕೊಡುವಾಗಿನ ದನಿ.

ಹೌದಲ್ಲ. ಇಡೀ ದಿನ ಬಡಗಿ, ಬಣ್ಣದವರು, ಕಲ್ಲಿನವರ ಜೊತೆ ಹಿಂದಿ. ಮನೆಗೆ ಬಂದರೂ ನಾಲಿಗೆ ಅದೇ ಜಾಡಿನಲ್ಲಿ ಓಡುತ್ತಿತ್ತು. ನಾನು ಹಿಂದಿಯಲ್ಲಿ ಕೇಳಿದ್ದಕ್ಕೆ ಅವಳು ಹಿಂದಿಯಲ್ಲಿ ಉತ್ತರಿಸುತ್ತಿದ್ದಳು, ಅಷ್ಟೇ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂದರೆ ಇನ್ನೇನು.

ಸ್ಕೂಟರಿನಲ್ಲಿ ಅವಳನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಇವತ್ತಿನಿಂದಲೇ ಶುರು ಎಂದು ಮನಸ್ಸಿನಲ್ಲೇ ಪಣ. ಫತೇಗಂಜ್‌ನಲ್ಲಿ ನಮ್ಮ ಮನೆಯ ತಿರುವಿಗೆ ಮುಂಚೆ ಕಬ್ಬು ಅರೆಯುವ ಗಾಡಿ ಕಂಡಿತು. ನಿಲ್ಲಿಸಿ, ಹಿಂದಕ್ಕೆ ತಿರುಗಿ ಕೇಳಿದೆ: "ಬಾಯಾರಿಕಿ ಆಗೇದೇನು ಪುಟ್ಟೀ? ಕಬ್ಬಿನ ಹಾಲು ಕುಡೀತೀ?"

ನನ್ನ ಸೊಂಟ ಹಿಡಿದಿದ್ದ ಕೈ ತಟ್ಟನೆ ಸಡಿಲವಾಯಿತು. ಅವಳ ಮುಖ ಬಾಡಿಹೋಯಿತು.

"ಮೈಂನೇ ಕ್ಯಾ ಕಿಯಾ, ಅಮ್ಮಾ?"

ನಾನೇನು ತಪ್ಪು ಮಾಡಿದೆ ಎಂದು ಕೇಳುತ್ತಿದ್ದಳು. ನನಗೆ ಒಂದು ಕ್ಷಣ ತಿಳಿಯಲಿಲ್ಲ, ಆಮೇಲೆ ತಿಳಿಯಿತು. ಹಾಲು ಚೆಲ್ಲಿದಾಗ, ಹಾಸಿಗೆಯ ಮೇಲೆ ಒದ್ದೆ ಟವೆಲ್ ಬಿಸಾಡಿದಾಗ, ಲೆಕ್ಕದಲ್ಲಿ ಅಂಕ ಕಡಿಮೆ ಬಂದಾಗ, ತಾಳ್ಮೆ ಕೆಟ್ಟ ಮೇಲೆ ನನ್ನ ಬಾಯಿಂದ ಬರುತ್ತಿದ್ದದ್ದು ಧಾರವಾಡದ ಕನ್ನಡ. ಒಂಬತ್ತು ವರ್ಷ ನನ್ನಿಂದ ಅವಳು ಕೇಳಿದ ಕನ್ನಡ ಅಷ್ಟೇ.

"ಏನೂ ಮಾಡಿಲ್ಲವ್ವಾ ನೀ," ಎಂದೆ. ಪಣ ತೊಟ್ಟ ಮೇಲೆ ಅದನ್ನೂ ಕನ್ನಡದಲ್ಲೇ ಹೇಳಬೇಕಾಯಿತು. ಅವಳು ನಂಬಲಿಲ್ಲ. ಗ್ಲಾಸು ಖಾಲಿಯಾಗುವವರೆಗೂ ಬೈಗುಳ ಯಾವಾಗ ಬರುತ್ತದೋ ಎಂದು ನನ್ನ ಮುಖವನ್ನೇ ನೋಡುತ್ತಿದ್ದಳು.