ತಿರುಪತಿಗೆ ಕೊಡದ ಮುಡಿ

ಎರಡನೆಯ ಕೀಮೋ ಆದ ಮೇಲೆ ನನ್ನ ಕೂದಲು ಉದುರತೊಡಗಿತು. ಉಳಿದದ್ದನ್ನು ಗಂಡನೇ ಹಿತ್ತಲಿನಲ್ಲಿ ಕೂರಿಸಿ ಟ್ರಿಮ್ಮರ್‌ನಿಂದ ತೆಗೆದರು. ಎಡ ಸ್ತನವನ್ನು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅದಕ್ಕೆ ಮೊದಲೇ ತೆಗೆದಿದ್ದರು. ಅದು ಸೆರಗಿನ ಒಳಗಿನ ಸಂಗತಿ. ಹೊಸಪೇಟೆಯ ನಮ್ಮ ಓಣಿಗೆ ಗೊತ್ತಾಗಿರಲಿಲ್ಲ. ಬೋಳುತಲೆಗೆ ಮಾತ್ರ ಏನಾದರೂ ಕಾರಣ ಹೇಳಬೇಕಿತ್ತು.

"ತಿರುಪತಿಗೆ ಮುಡಿ ಕೊಟ್ಟು ಬಂದಾಳ ಅಂತ ಹೇಳಿಬಿಡೂಣು," ಎಂದರು ಅತ್ತೆ. "ದೇವರ ಹೆಸರು ಹೇಳಿದ್ರ ಯಾರೂ ಕೆದಕಂಗಿಲ್ಲ."

ಮಗಳಿಗೆ ಸಂಡೂರಿನಿಂದ ಸಂಬಂಧ ಬಂದಿತ್ತು. ತಾಯಿಗೆ ಬಂದದ್ದು ಮಗಳಿಗೂ ಬರುತ್ತದೆಂದು ಅವರು ಹಿಂದೆ ಸರಿದಾರು ಎಂಬುದು ಅತ್ತೆಯ ಭಯ. ನಾನು ವಾಂತಿ ಮಾಡಿಕೊಂಡಾಗ ಬೋಗುಣಿ ಹಿಡಿದವರೂ ಅವರೇ. ಆದರೆ ಕಾಯಿಲೆಯ ಹೆಸರು ಅವರ ಬಾಯಲ್ಲಿ ಬರುತ್ತಿರಲಿಲ್ಲ, 'ಆ ಬ್ಯಾನಿ' ಅಷ್ಟೆ. ನಾನು ಕಂಪ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ವಾದಿಸುವ ತ್ರಾಣವಿಲ್ಲದೆ ಸುಮ್ಮನಾದೆ.

ಓಣಿಯವರು ಪ್ರಸಾದ ಕೇಳಿದರು. ಅತ್ತೆ ಬೂಂದಿ ಕರಿದು, ಪಚ್ಚಕರ್ಪೂರ ಹಾಕಿ ಲಾಡು ಕಟ್ಟಿ ಹಂಚಿದರು. ಎಲ್ಲರೂ ಕಣ್ಣಿಗೊತ್ತಿಕೊಂಡು ತಿಂದರು.

ಒಂದು ಮಧ್ಯಾಹ್ನ ಎದುರು ಮನೆಯ ಅಕ್ಕಿ ಗಿರಣಿಯವರ ಹೆಂಡತಿ ಬಂದಳು. ನನಗಿಂತ ಚಿಕ್ಕವಳು. ಲಾಡು ಭಾಳ ಚಲೋ ಇತ್ತು ಎಂದಳು, ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಅಕ್ಕಾರ, ಮುಡಿ ಕೊಟ್ರ ಬೇಡಿಕೊಂಡಿದ್ದು ಆಗ್ತೈತೇನ್ರಿ?"

"ಯಾಕ, ಏನಾತು?"

"ಎದಿಯಾಗ ಒಂದು ಗಂಟು ಐತ್ರಿ. ನೋವಿಲ್ಲ, ಏನಿಲ್ಲ. ನಿಮ್ಮನ್ನ ನೋಡಿ ನಾನೂ ಹರಕಿ ಹೊತ್ತೀನಿ. ಕರಗಿದ್ರ ಮುಡಿ ಕೊಡ್ತೀನಿ ಅಂತ."

ಮನೆಯವರಿಗೆ ಹೇಳಿದ್ದಾಳೆಯೇ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದಳು.

ನಾನು ತಲೆಯ ಬಟ್ಟೆ ಬಿಚ್ಚಿದೆ. ಸೆರಗು ಸರಿಸಿ, ಕುಪ್ಪಸದ ಎಡಭಾಗವನ್ನು ಅಂಗೈಯಿಂದ ಒತ್ತಿ ತೋರಿಸಿದೆ. ಅಲ್ಲಿ ತುಂಬಿದ್ದ ಹತ್ತಿ ಒಳಕ್ಕೆ ಕುಸಿಯಿತು.

"ನಾ ತಿರುಪತಿಗೆ ಹೋಗಿಲ್ಲವ್ವಾ. ಇದು ಕ್ಯಾನ್ಸರ್. ಕೂದಲ ಹೋಗಿದ್ದು ಔಷಧಕ್ಕ. ನನ್ನ ಗಂಟೂ ನೋಯ್ತಿರಲಿಲ್ಲ."

ಅವಳು ಬಾಯಿಗೆ ಕೈ ಅಡ್ಡ ಹಿಡಿದು ಕೂತಳು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಬೈಯುತ್ತಾರೆಂದುಕೊಂಡೆ. ಅವರು ಅವಳಿಗೆ ನೀರು ಕೊಟ್ಟು, "ಹರಕಿ ಆಮ್ಯಾಲೆ ತೀರಿಸಿದ್ರ ಆತು. ಮೊದ್ಲು ಜಲ್ದಿ ತೋರಿಸು," ಎಂದರು. ನನ್ನ ಜೊತೆ ಮಾತ್ರ ಆ ವಾರವಿಡೀ ಮಾತಾಡಲಿಲ್ಲ.

ಪರೀಕ್ಷೆ ಮಾಡಿಸಿದಾಗ ಅವಳದೂ ಕ್ಯಾನ್ಸರೇ ಆಗಿತ್ತು. ನನ್ನದಕ್ಕಿಂತ ಚಿಕ್ಕ ಗಡ್ಡೆ. ಅದನ್ನಷ್ಟೇ ತೆಗೆದು ಸ್ತನ ಉಳಿಸಿದರು. ಅವಳ ಗಂಡ ಚಿಕಿತ್ಸೆಯ ಖರ್ಚಿಗೆ ಹಿಂದೆಮುಂದೆ ನೋಡಲಿಲ್ಲ. ಆದರೆ ಕೇಳಿದವರಿಗೆಲ್ಲ, ಹೆಂಡತಿ ಬಾಣಂತಿ ತಂಗಿಯನ್ನು ನೋಡಿಕೊಳ್ಳಲು ಮೆಟ್ರಿಯ ತವರಿಗೆ ಹೋಗಿದ್ದಾಳೆ ಎಂದ. ಅವಳ ತಂಗಿಗೆ ಆಗ ಇನ್ನೂ ಮದುವೆಯೇ ಆಗಿರಲಿಲ್ಲ.

ನನ್ನ ಸುದ್ದಿ ಹೇಗೋ ಸಂಡೂರು ಮುಟ್ಟಿತು. ಜಾತಕ ಕೂಡಲಿಲ್ಲವೆಂದು ಅವರು ಫೋನಿನಲ್ಲಿ ತಿಳಿಸಿದರು. ಜಾತಕವನ್ನು ನಾವಿನ್ನೂ ಕೊಟ್ಟಿರಲಿಲ್ಲ. ಅತ್ತೆ ಒಳಗೆ ಹೋಗಿ ಅತ್ತರು. ಮಗಳು ಅವರ ಪಕ್ಕ ಕೂತು, "ಮದುವಿ ಆದಮ್ಯಾಗ ಗೊತ್ತಾಗಿದ್ರ ನನ್ನ ಗತಿ ಏನಿತ್ತಜ್ಜಿ?" ಎಂದಳು.

ಈಗ ತಪಾಸಣೆಗೆ ನಾವಿಬ್ಬರೂ ಒಂದೇ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗುತ್ತೇವೆ. ಹೋದ ಸಲ ಎದುರು ಸೀಟಿನಲ್ಲಿದ್ದ ಹೆಂಗಸು ಯಾವ ಊರಿಗೆ, ಏನು ಕೆಲಸ ಎಂದು ವಿಚಾರಿಸಿದಳು. ನಾನು ಬಾಯಿ ತೆರೆಯುವ ಮೊದಲೇ ಗಿರಣಿಯವರ ಹೆಂಡತಿ, "ಆಸ್ಪತ್ರಿಗ್ರಿ. ಇಬ್ಬರಿಗೂ ಎದಿ ಕ್ಯಾನ್ಸರ್ ಆಗಿತ್ತು," ಎಂದಳು. ಆ ಹೆಂಗಸು ಸ್ವಲ್ಪ ದೂರ ಸರಿದು ಕೂತಳು. ನಾವು ಡಬ್ಬಿ ಬಿಚ್ಚಿ ಚಿತ್ರಾನ್ನ ತಿಂದೆವು.