ಕೆಂಪಿಯ ಹೊಟ್ಟೆಯೂ ನನ್ನ ಓದೂ

ಬೂಷ್ಟಿನ ಬಗ್ಗೆ ಪಾಠ ಹೇಳಿಯೇ ಹೊಟ್ಟೆ ಹೊರೆದವನು ನಾನು. ತಂಗಳನ್ನದ ಮೇಲೆ, ಮೂಲೆಗೆಸೆದ ಚಪ್ಪಲಿಯ ಮೇಲೆ, ಉಪ್ಪಿನಕಾಯಿ ಜಾಡಿಯ ಬಾಯಲ್ಲಿ ಬೆಳೆಯುತ್ತದಲ್ಲ, ಅದೇ ಬೂಷ್ಟು. ಶಿಲೀಂಧ್ರ ಎಂದು ಕರೆದರೆ ಅದಕ್ಕೆ ಸಂಬಳ ಬರುತ್ತದೆ. "ಯೀಸ್ಟಿನಂಥ ಒಂದೆರಡು ಬಿಟ್ಟರೆ ಇವು ಗಾಳಿಯಿಲ್ಲದ ಕಡೆ ಬದುಕೋದಿಲ್ಲ, ಬರ್ಕೊಳ್ಳಿ" ಎಂದು ವರ್ಷಾವರ್ಷ ಅದೇ ಹಳದಿ ಹಾಳೆ ನೋಡಿ ಹೇಳುತ್ತಿದ್ದೆ. ಹುಡುಗರು ಬರೆದುಕೊಂಡರು, ಪಾಸೂ ಆದರು. ನೆನೆದರೆ ಈಗ ತಲೆ ಚಚ್ಚಿಕೊಳ್ಳೋಣ ಎನಿಸುತ್ತದೆ.

ಎಪ್ಪತ್ತರ ದಶಕದಲ್ಲಿ ತುಮಕೂರಿನ ಶೆಟ್ಟಿಹಳ್ಳಿಯ ಮನೆಗಳಿಗೆ ಹಿತ್ತಲಿತ್ತು, ಹಿತ್ತಲಿಗೊಂದು ಹಸುವಿತ್ತು. ನಮ್ಮ ಕೆಂಪಿ ಕುಣಿಗಲ್ ಕಡೆಯ ನನ್ನ ಮಾವನವರು ಮಗಳಿಗೆಂದು ಕೊಟ್ಟ ಕರು, ನಮ್ಮಲ್ಲೇ ಬೆಳೆದು ಹಸುವಾದವಳು. ನನ್ನ ಹೆಂಡತಿ ಸರೋಜ ನನಗಿಂತ ಹೆಚ್ಚು ಮಾತಾಡುತ್ತಿದ್ದುದು ಅವಳ ಜೊತೆಗೇ. ತಪ್ಪೇನಿಲ್ಲ, ಕೆಂಪಿ ನಡುವೆ ಬಾಯಿ ಹಾಕುತ್ತಿರಲಿಲ್ಲ.

ನನಗೆ ಪ್ರಮೋಷನ್ ಬಂತು. ಸಹೋದ್ಯೋಗಿಗಳಿಗೆಲ್ಲ ಹೋಳಿಗೆ ಊಟ ಹಾಕಿಸಿದೆ. ಊಟಕ್ಕೆ ಮೊದಲು ಹಸುವಿಗೊಂದು ತುತ್ತು ಇಡುವುದು ನಮ್ಮಲ್ಲಿ ಪದ್ಧತಿ, ಗೋಗ್ರಾಸ ಅನ್ನುತ್ತಾರೆ. ಪದ್ಧತಿ ಕಟ್ಟಿದವರು 'ತುತ್ತು' ಎಂದೇ ಯಾಕೆ ಹೇಳಿದರು ಎಂದು ನಾನು ಯೋಚಿಸಲಿಲ್ಲ. ಇಂಥ ದಿನ ಒಂದು ತುತ್ತು ಜಿಪುಣತನವಾದೀತು ಎಂದುಕೊಂಡು, ಎಲ್ಲರೂ ಎದ್ದ ಮೇಲೆ ಉಳಿದ ಅನ್ನ, ಹೋಳಿಗೆ, ಪಾಯಸ ಎಲ್ಲವನ್ನೂ ಕಲಸಿ ಒಂದು ಬುಟ್ಟಿ ತುಂಬ ಇಟ್ಟೆ. ಕೆಂಪಿ ಚಪ್ಪರಿಸಿ ತಿಂದಳು. ಪುಣ್ಯ ಬಂತೆಂದು ನಾನು ಹಾಯಾಗಿ ಮಲಗಿದೆ.

ಮಾರನೆಯ ದಿನ ಕೆಂಪಿ ಮೆಲುಕು ಹಾಕಲಿಲ್ಲ. ಹೊಟ್ಟೆ ಬಿಗಿದು ನಿಂತಿತ್ತು. ದನದ ಡಾಕ್ಟರು ಗುಬ್ಬಿ ಕಡೆ ಹೋಗಿದ್ದರು, ಬರುವುದು ನಾಳೆ. ಅಷ್ಟರಲ್ಲಿ ಹತ್ತಿರದ ಕೋರ ಎಂಬ ಊರಿನಿಂದ ನಮಗೆ ರಾಗಿಹುಲ್ಲು ತಂದು ಹಾಕುತ್ತಿದ್ದ ಸಿದ್ದಣ್ಣ ಗಾಡಿ ಹೊಡೆದುಕೊಂಡು ಬಂದ. ಕೆಂಪಿಯ ಹೊಟ್ಟೆ ಒತ್ತಿ ನೋಡಿದ.

"ಸಾರ್, ಮೆಲುಕು ನಿಂತೋಗದೆ. ಪಕ್ಕದ್ಮನೆ ಹಸ ಮೆಲುಕಾಡ್ತಾ ಅದೆ ನೋಡಿ, ಅದರ ಬಾಯಿಗ್ ಕೈ ಹಾಕಿ ಒಂದ್ ಹಿಡಿ ಈಚೆಗ್ ತಗಂಡು ಇದರ ಬಾಯಿಗ್ ಇಟ್ಬುಡ್ತೀನಿ. ನಮ್ಮಪ್ಪನ ಕಾಲದಿಂದ್ಲೂ ಹಿಂಗೇ ಮಾಡದು."

"ಛೆ ಛೆ! ಒಂದರ ಎಂಜಲು ಇನ್ನೊಂದಕ್ಕಾ? ರೋಗ ಹರಡುತ್ತೆ ಕಣಯ್ಯ. ನಾನು ಇದನ್ನೇ ಓದಿರೋನು."

"ಮಾಡ್ಲಿ ಬಿಡ್ರೀ, ಕೈ ಮುಗೀತೀನಿ" ಎಂದಳು ಸರೋಜ.

ನಾನು ಒಪ್ಪಲಿಲ್ಲ. ನಿಜ ಹೇಳುತ್ತೇನೆ, ಬಾಯಲ್ಲಿ ಬಂದದ್ದು ವಿಜ್ಞಾನವಾದರೂ ಒಳಗಿದ್ದದ್ದು ಬರೀ ಹೇಸಿಗೆ. ಸಿದ್ದಣ್ಣ ಹುಲ್ಲು ಇಳಿಸಿ ಹೊರಟುಹೋದ.

ಡಾಕ್ಟರು ಬರುವ ಹೊತ್ತಿಗೆ ಕೆಂಪಿ ಇರಲಿಲ್ಲ. "ಅನ್ನ ಏನಾದ್ರೂ ಜಾಸ್ತಿ ಹಾಕಿದ್ರಾ?" ಎಂದು ಅವರು ಕೇಳಿದರು. ಸರೋಜ ನನ್ನನ್ನೇ ನೋಡಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಯಲಿಲ್ಲ, ಆಮೇಲೆ ಹಿತ್ತಲ ಬಾಗಿಲನ್ನೇ ತೆಗೆಯಲಿಲ್ಲ.

ಎರಡು ಮೂರು ವರ್ಷ ಕಳೆದು, ಕಾಲೇಜಿನ ಲೈಬ್ರರಿಯಲ್ಲಿ ಯಾವುದೋ ಪರದೇಶದ ಪತ್ರಿಕೆ ತಿರುವಿಹಾಕುತ್ತಿದ್ದೆ. ಕುರಿಯ ಹೊಟ್ಟೆಯಲ್ಲಿ, ಗಾಳಿಯ ಸುಳಿವೇ ಇಲ್ಲದ ಕತ್ತಲಲ್ಲಿ, ಬೂಷ್ಟು ಬದುಕುತ್ತದಂತೆ! ಅದರ ಬೀಜಕಣಗಳಿಗೆ ಬಾಲವಿದೆ. ಈಜಿಕೊಂಡು ಹೋಗಿ ಹುಲ್ಲಿನ ಚೂರಿಗೆ ಅಂಟಿಕೊಳ್ಳುತ್ತವೆ, ಬೇರಿನಂಥ ಎಳೆ ಬಿಡುತ್ತವೆ. ಗೋಡೆಯ ಸಂದಿಯಲ್ಲಿ ಹುಟ್ಟಿದ ಅರಳಿ ಸಸಿ ಗೋಡೆಯನ್ನು ಸೀಳುವ ಹಾಗೆ, ಆ ಎಳೆಗಳು ಹುಲ್ಲಿನ ಗಡಸು ನಾರನ್ನು ಒಳಗಿನಿಂದ ಬಿರಿಸುತ್ತವೆ, ರಸ ಬಿಟ್ಟು ಕರಗಿಸುತ್ತವೆ. ಆ ಬಿರುಕಿನಲ್ಲಿ ಮಿಕ್ಕ ಸೂಕ್ಷ್ಮಜೀವಿಗಳು ನುಗ್ಗುತ್ತವೆ. ಹಸು ಹುಲ್ಲು ತಿನ್ನುತ್ತದೆ ಎನ್ನುತ್ತೇವೆ; ಹುಲ್ಲು ತಿನ್ನುವವು ಇವು, ಹಸು ಇವನ್ನು ಸಾಕುತ್ತದೆ. ಅನ್ನ, ಬೆಲ್ಲ ಒಮ್ಮೆಲೇ ಬಿದ್ದರೆ ಹೊಟ್ಟೆ ಹುಳಿಯಾಗಿ ಇವುಗಳ ಇಡೀ ಸಂಸಾರವೇ ನಾಶ. ಮತ್ತೆ ಬಿತ್ತಬೇಕೆಂದರೆ ಬೀಜ ಇನ್ನೊಂದು ಹಸುವಿನಲ್ಲಿದೆ, ಅದರ ಜೊಲ್ಲಿನಲ್ಲಿ, ಅದರ ಮೆಲುಕಿನಲ್ಲಿ.

ಪತ್ರಿಕೆ ಮುಚ್ಚಿಟ್ಟೆ. ಸಿದ್ದಣ್ಣನ ಆ ಒಂದು ಹಿಡಿಯಿಂದ ಕೆಂಪಿ ಬದುಕುತ್ತಿದ್ದಳೇ? ಗೊತ್ತಿಲ್ಲ. ತಿಳಿದುಕೊಳ್ಳಲು ಇದ್ದ ಒಂದೇ ದಾರಿಗೆ ನಾನೇ ಅಡ್ಡ ನಿಂತಿದ್ದೆ. ಬೂಷ್ಟು ಬೂಷ್ಟು ಎಂದು ಆಯುಷ್ಯ ಕಳೆದವನ ಹಿತ್ತಲಲ್ಲೇ ಅದು ಸತ್ತಿತು, ನನಗೆ ಗುರುತೇ ಹತ್ತಲಿಲ್ಲ. ಇದನ್ನು ಸರೋಜಳಿಗೆ ಹೇಳುವ ಧೈರ್ಯ ಇವತ್ತಿಗೂ ಬಂದಿಲ್ಲ.

ಆದರೆ ಯಾರಾದರೂ ಬೈಯಬೇಕಿತ್ತು. ಭಾನುವಾರ ಬಸ್ಸು ಹತ್ತಿ ಕೋರಕ್ಕೆ ಹೋದೆ. ಸಿದ್ದಣ್ಣ ಜಗುಲಿಯ ಮೇಲೆ ಚಾಪೆ ಹಾಸಿ ಕೂರಿಸಿದ, ಎಳನೀರು ಕೆತ್ತಿ ಕೊಟ್ಟ. ಪತ್ರಿಕೆಯಲ್ಲಿದ್ದುದನ್ನೆಲ್ಲ ಹೇಳಿದೆ. "ನೀನೇ ಸರಿ ಸಿದ್ದಣ್ಣ, ಕೆಂಪೀನ ಕೊಂದೋನು ನಾನು" ಎಂದೆ. ಅವನು ಕೊನೆಯವರೆಗೂ ಕೇಳಿದ. ಮುಖದಲ್ಲಿ ಗೆದ್ದ ಖುಷಿ ಹುಡುಕಿದೆ, ಸಿಗಲಿಲ್ಲ. ನನ್ನ ಮೊಣಕಾಲಿನ ಮೇಲೆ ಮೆಲ್ಲಗೆ ಕೈಯಿಟ್ಟ.

"ಹೋಗ್ಲಿ ಬುಡಿ ಸಾರ್" ಎಂದ. "ನೀವಾದ್ರೂ ಏನ್ ಮಾಡೀರಿ, ಪಾಪ, ಓದ್ಬುಟ್ಟಿದ್ರಿ."