ಮಗ್ಗದ ಶೆಡ್ಡಿನ ಟಾಕೀಸು

ನಮ್ಮ ಮಗ್ಗಗಳನ್ನು ಗುಜರಿಯ ಭಂಗಾರದವರು ಬಿಚ್ಚಿ ಟೆಂಪೋದಲ್ಲಿ ಹೇರಿಕೊಂಡು ಹೋದ ಮೇಲೆ ಮಹಾರಾಷ್ಟ್ರದ ಇಚಲಕರಂಜಿಯ ಆ ಉದ್ದನೆಯ ಶೆಡ್ಡು ಬರಿದಾಗಿ ನಿಂತಿತು. ನೆಲದ ತುಂಬ ಎಣ್ಣೆಯ ಕಲೆ, ಜಂತಿಗಳ ಮೇಲೆ ಹತ್ತಿಯ ಧೂಳು. ನನ್ನ ಗಂಡನಿಗೆ ಅದನ್ನು ಯಾರಾದರೊಬ್ಬ ನೂಲಿನ ವ್ಯಾಪಾರಿಗೆ ಗೋದಾಮಿಗೆಂದು ಬಾಡಿಗೆ ಕೊಡುವ ವಿಚಾರವಿತ್ತು. ನಾನು ಅಲ್ಲೊಂದು ಸಣ್ಣ ಸಿನೆಮಾ ಥೇಟರ್ ಮಾಡೋಣ ಎಂದೆ.

ಅವರು ಊಟದ ತಾಟಿನಿಂದ ತಲೆ ಎತ್ತಲಿಲ್ಲ. "ಇದ್ದ ಥೇಟರ್ ಮುಚ್ಚಿ ಮಂಗಲ ಕಾರ್ಯಾಲಯ ಮಾಡಾಕತ್ತಾರ. ನೀ ಹೊಸಾದು ತಗೀತೇನಿ ಅಂತಿ."

"ಕನ್ನಡ ಸಿನೆಮಾ ಹಚ್ಚೂಣ್ರಿ. ಇಲ್ಲೆ ಯಾರೂ ಹಚ್ಚೂದಿಲ್ಲ."

"ಯಾಕ ಹಚ್ಚೂದಿಲ್ಲ ಅಂತ ಯಾರಿಗರೆ ಕೇಳಿಯೇನ?"

ಕೇಳಿರಲಿಲ್ಲ. ಮುಂದೆ ಎರಡು ವರ್ಷ, ನಾನು ಕೇಳದಿದ್ದರೂ ಎಲ್ಲರೂ ಹೇಳಿದರು.

ನಾನು ಗಡಹಿಂಗ್ಲಜದ ಬೆಲ್ಲದ ವ್ಯಾಪಾರಿಯೊಬ್ಬರ ಮಗಳು. ಕನ್ನಡ ಶಾಲೆಯಲ್ಲಿ ಕಲಿತವಳು. ನನ್ನ ಗಂಡ ಮನೆಯಲ್ಲಿ ಕನ್ನಡ ಮಾತಾಡಿದರೂ ಓದು ಬರಹವೆಲ್ಲ ಮರಾಠಿ. ಲಗ್ನವಾಗಿ ಇಚಲಕರಂಜಿಗೆ ಬಂದಾಗ ನಮ್ಮ ಓಣಿಯಲ್ಲಿ ನನ್ನ ಹಾಗೆ ಕನ್ನಡದಲ್ಲೇ ನಗುವ, ಕನ್ನಡದಲ್ಲೇ ಬೈಯುವ ಹೆಂಗಸರು ಎಷ್ಟೊಂದು ಮಂದಿ ಇದ್ದಾರಲ್ಲ ಎಂದು ಖುಷಿಯಾಗಿತ್ತು. ಎಲ್ಲರೂ ಮಗ್ಗದ ಕೆಲಸಕ್ಕೆಂದು ಗಡಿಯಾಚೆ ಕರ್ನಾಟಕದ ಕಡೆಯಿಂದ ಬಂದವರು. ಅವರಲ್ಲಿ ರಬಕವಿ ಕಡೆಯವಳೊಬ್ಬಳು ನಮ್ಮ ಶೆಡ್ಡಿನಲ್ಲಿ ಕಾಂಡಿಗೆ ನೂಲು ಸುತ್ತುತ್ತಿದ್ದಳು. ಅವಳ ಗಂಡ ನಮ್ಮ ಮಗ್ಗಗಳನ್ನು ನಡೆಸುತ್ತಿದ್ದವ, ನಮ್ಮ ಶೆಡ್ಡು ನಿಂತ ಮೇಲೆ ಪಕ್ಕದ ಶೆಡ್ಡಿಗೆ ಹೋದ. ಅವಳು ಮಧ್ಯಾಹ್ನ ಮೊಬೈಲಿನಲ್ಲಿ ಕನ್ನಡ ಧಾರಾವಾಹಿ ನೋಡಿ, ಗಂಡ ಪಾಳಿ ಮುಗಿಸಿ ಬಂದಾಗ ರೊಟ್ಟಿ ನೀಡುತ್ತ ಆ ದಿನದ ಕಥೆಯನ್ನು ಅವನಿಗೆ ಕೈ ಬಾಯಿ ಆಡಿಸಿ ಹೇಳುವಳು. ಥೇಟರಿಗೆ ಯಾಕೆ ಹೋಗುವುದಿಲ್ಲ ಎಂದು ಒಮ್ಮೆ ಕೇಳಿದ್ದೆ.

"ಕೊಲ್ಹಾಪುರಕ್ಕ ಒಮ್ಮೆ ಹೋಗಿದ್ವಿರಿ ಅಕ್ಕಾರ. ಹಿಂದಿ ಸಿನೆಮಾ. ಅರ್ಧಾ ತಿಳೀತು, ಇನ್ನರ್ಧಕ್ಕ ನಿದ್ದಿ ಬಂತು," ಎಂದಳು.

ದೊಡ್ಡ ಹೀರೋನ ಕನ್ನಡ ಸಿನೆಮಾ ಬಂದರೆ ಕೊಲ್ಹಾಪುರದ ಮಾಲ್‌ನಲ್ಲಿ ಕೆಲಸದ ದಿನ ಮುಂಜಾನೆ ಒಂದು ಆಟ ಇರುತ್ತದೆ. ಮಗ್ಗ ನಡೆಸುವವನು ಆ ಹೊತ್ತಿಗೆ ಪಾಳಿಯಲ್ಲಿರುತ್ತಾನೆ, ಇಲ್ಲವೆ ಪಾಳಿ ಮುಗಿಸಿ ಮಲಗಿರುತ್ತಾನೆ. ಇವರಿಗಾಗಿ ಇವರ ಓಣಿಯಲ್ಲೇ, ಮಗ್ಗಕ್ಕೆ ರಜೆ ಇರುವ ದಿನ, ಇವರ ಮಾತಿನ ಸಿನೆಮಾ ಹಚ್ಚಿದರೆ ಯಾಕೆ ಬರುವುದಿಲ್ಲ ಎಂಬುದು ನನ್ನ ಲೆಕ್ಕ. ಹಟ ಹಿಡಿದೆ. ನನ್ನ ಗಂಡ ಒಪ್ಪಿದರು ಎನ್ನುವುದಕ್ಕಿಂತ ಸುಮ್ಮನಾದರು ಎನ್ನಬೇಕು. ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸಿದೆವು. ಗಡಹಿಂಗ್ಲಜದಲ್ಲಿ ಮುಚ್ಚಿಹೋದ ಥೇಟರೊಂದರ ಖುರ್ಚಿಗಳನ್ನು ತಂದು ಹೊಸ ಗವಸು ಹೊಲಿಸಿದೆವು. ಅವರೇ ಮುಂದೆ ನಿಂತು ಖುರ್ಚಿಗಳ ಕಾಲನ್ನು ಕಾಂಕ್ರೀಟಿನಲ್ಲಿ ಕೂಡಿಸಿದರು. ಮಾಡುವುದಾದರೆ ಗಟ್ಟಿಯಾಗಿ ಮಾಡುವ ಮನುಷ್ಯ.

ಪರವಾನಗಿಗೆ ಕೊಲ್ಹಾಪುರಕ್ಕೆ ಎಷ್ಟು ಸಲ ಬಸ್ಸು ಹತ್ತಿದೆನೋ ನೆನಪಿಲ್ಲ. ಅಲ್ಲಿನ ಸಾಹೇಬರು ನಕಾಶೆ ನೋಡಿ, "ದುಸರಾ ದರವಾಜಾ ಕುಠೇ ಆಹೆ?" ಎಂದರು. ಎರಡನೆಯ ಬಾಗಿಲಿರಲಿಲ್ಲ. ಬೆಂಕಿ ಬಿದ್ದರೆ ಜನ ಎಲ್ಲಿಂದ ಓಡಬೇಕು? ಅವರು ಕೇಳಿದ್ದು ಸರಿಯೇ ಆಗಿತ್ತು. ಆದರೆ ನಮ್ಮ ಶೆಡ್ಡಿಗೆ ಬಾಗಿಲು ತೆಗೆಯಲು ಇದ್ದದ್ದು ಹಿಂದಿನ ಗೋಡೆಯೊಂದೇ, ಅದರಾಚೆ ಪಕ್ಕದ ಶೆಡ್ಡಿನ ಮಾಲಕರ ಅಂಗಳ. ಅಂಗಳದ ತುಂಬ ಮಗ್ಗಕ್ಕೆ ನೂಲು ಸುತ್ತುವ ಮುರಿದ ಬೀಮು, ತುಕ್ಕು ಹಿಡಿದ ಸಾಮಾನು.

ಆ ಮಾಲಕರು ಬಹಳ ಒಳ್ಳೆಯವರು. ಹೋದಾಗಲೆಲ್ಲ ಚಹಾ ತರಿಸುವರು. ಅಂಗಳ ಸ್ವಲ್ಪ ತೆರವು ಮಾಡಿಕೊಡಿ ಎಂದರೆ, "ಹೋ ವಹಿನಿ, ಉದ್ಯಾಚ್!" ಎಂದು ನಗುವರು. ನಾಳೆಯೇ. ಆ ನಾಳೆ ಶ್ರಾವಣ ಕಳೆದರೂ ಬರಲಿಲ್ಲ, ದಸರೆ ಕಳೆದರೂ ಬರಲಿಲ್ಲ. ಇಲ್ಲ ಎಂದವರ ಜೊತೆ ಜಗಳವಾದರೂ ಆಡಬಹುದು, ಹೂಂ ಎಂದವರಿಗೆ ಏನು ಮಾಡುವುದು? ಕೊನೆಗೆ ನಾನೇ ಹಮಾಲರನ್ನು ಕರೆಸಿ ಸಾಮಾನೆಲ್ಲ ಅವರದೇ ಅಂಗಳದ ಇನ್ನೊಂದು ಮೂಲೆಗೆ ಸರಿಸಿದೆ. ಅವರು ಖುರ್ಚಿ ಹಾಕಿಕೊಂಡು ಕುಳಿತು ಹಮಾಲರಿಗೂ ಚಹಾ ಕೊಡಿಸಿದರು. ಗೋಡೆ ಒಡೆದು ಬಾಗಿಲು ಇಡಿಸಿದೆವು, ತಪಾಸಣೆಯವರು ಬಂದು ನೋಡಿ ಪರವಾನಗಿ ಕೊಟ್ಟರು. ವಾರ ಕಳೆಯುವುದರೊಳಗೆ ಬೇರೆ ಮುರಿದ ಬೀಮುಗಳು ಬಂದು ಅದೇ ಬಾಗಿಲಿಗೆ ಒರಗಿ ನಿಂತವು. ಈಗಲೂ ಪ್ರತಿ ಆಟಕ್ಕೆ ಮೊದಲು ಅವನ್ನು ಸರಿಸುವುದು ನನ್ನ ಗಂಡನ ಕೆಲಸ.

ಬಾಗಿಲಾದ ಮೇಲೆ ಸಿನೆಮಾ ಬೇಕಲ್ಲ. ಕೊಲ್ಹಾಪುರದಲ್ಲಿ ಸಿನೆಮಾ ಹಂಚುವ ಏಜಂಟರೊಬ್ಬರು, "ಕನ್ನಡ ಅಸೇಲ ತರ ಹುಬಳೀಲಾ ವಿಚಾರಾ," ಎಂದರು. ಕನ್ನಡದ್ದಾದರೆ ಹುಬ್ಬಳ್ಳಿಯವರನ್ನು ಕೇಳಬೇಕಂತೆ. ಅಲ್ಲಿಗೆ ಫೋನ್ ಮಾಡಿದೆ.

"ಯಾವೂರ್ರಿ? ಇಚಲಕರಂಜಿ? ನೀವು ಮಹಾರಾಷ್ಟ್ರದಾಗ ಬರ್ತೀರಲ್ರಿ. ನಿಮ್ಮ ಏರಿಯಾ ನಮ್ಮ ಕಡೆ ಇಲ್ಲ. ಮುಂಬೈದವರಿಗೆ ಕೇಳ್ರಿ."

ಮುಂಬೈಯವರು ಹಿಂದಿಯಲ್ಲಿ ಖುರ್ಚಿ ಎಷ್ಟಿವೆ ಎಂದು ಕೇಳಿದರು. ಹೇಳಿದೆ. ಆಮೇಲೆ, "ಮ್ಯಾಡಮ್, ಯೇ ಥಿಯೇಟರ್ ಹೈ ಯಾ ಆಪಕೇ ಘರ್ ಕಾ ಹಾಲ್?" ಎಂದು ಕೇಳಿ, ಕೊಲ್ಹಾಪುರದ ಏಜಂಟರನ್ನೇ ಕಾಣಿರಿ ಎಂದರು. ನಾನು ಫೋನ್ ಇಟ್ಟು ಅಡಿಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ತಿಕ್ಕಿದೆ. ತೊಳೆದ ಪಾತ್ರೆಗಳನ್ನೇ ಇನ್ನೊಮ್ಮೆ ತಿಕ್ಕಿದೆ. ನನ್ನ ಗಂಡ ಬಾಗಿಲಲ್ಲಿ ನಿಂತು ನೋಡಿ ಹೋದರು. ಆ ದಿನ ಅವರು ಏನಾದರೂ ಅಂದಿದ್ದರೆ ಥೇಟರಿನ ವಿಷಯ ಅಲ್ಲಿಗೇ ಮುಗಿಯುತ್ತಿತ್ತು.

ಅಂತೂ ಆ ಏಜಂಟರ ಮೂಲಕವೇ ಒಂದು ಸಿನೆಮಾ ಸಿಕ್ಕಿತು. ಅಷ್ಟರಲ್ಲಿ ಅದು ಮೊಬೈಲಿಗೂ ಬಂದಾಗಿತ್ತು. ಇರಲಿ ಎಂದೆ. ಮಗ್ಗಕ್ಕೆ ರಜೆಯಿದ್ದ ಮಧ್ಯಾಹ್ನ ಮೊದಲ ಆಟ ಇಟ್ಟೆವು. ಓಣಿಯವರು ಲಗ್ನಕ್ಕೆ ಬಂದಂತೆ ತಯಾರಾಗಿ ಬಂದರು. ಮಾಲಕರು ಹಾರ ತಂದರು. ರಬಕವಿಯವಳು ಇಸ್ತ್ರಿ ಮಾಡಿದ ಸೀರೆ ಉಟ್ಟು, ಗಂಡನಿಗೂ ಇಸ್ತ್ರಿ ಅಂಗಿ ಹಾಕಿಸಿ ಕರೆತಂದು ಎರಡನೇ ಸಾಲಿನಲ್ಲಿ ಕೂತಳು. ಕೊಲ್ಹಾಪುರದಿಂದ ಬಂದಿದ್ದ ಸೌಂಡಿನ ಹುಡುಗ ಆವಾಜನ್ನು ಎಲ್ಲಿಗೆ ನಿಲ್ಲಿಸಬೇಕೋ ಅಲ್ಲಿಗೆ ನಿಲ್ಲಿಸಿ, ಇದನ್ನು ಮುಟ್ಟಬೇಡಿ ಎಂದು ಹೇಳಿ ಹೋಗಿದ್ದ.

ಸಿನೆಮಾ ಶುರುವಾಗಿ ಸ್ವಲ್ಪ ಹೊತ್ತಿಗೆ ಮುಂದಿನ ಸಾಲುಗಳಿಂದ ಕೂಗು ಬಂತು. "ಆವಾಜ್ ಬಿಡ್ರಿ! ಏನೂ ಕೇಳಾಕತ್ತಿಲ್ಲ!"

ಹೆಚ್ಚಿಸಿದೆ. ಮತ್ತೆ ಕೂಗು. ಮತ್ತೆ ಹೆಚ್ಚಿಸಿದೆ. ಹಿಂದೆ ಕೂತ ಮಕ್ಕಳು ಕಿವಿ ಮುಚ್ಚಿಕೊಂಡವು, ಒಂದು ಕೂಸು ಕಿಟಾರನೆ ಅಳತೊಡಗಿತು. ಎದುರಿನ ಅಪಾರ್ಟ್‌ಮೆಂಟಿನಿಂದ ಒಬ್ಬರು ಬಂದು ಬಾಗಿಲು ಬಡಿದು ನನ್ನ ಮೇಲೆ ರೇಗಿದರು. ಇತ್ತ ಮುಂದಿನ ಸಾಲಿನ ಗಂಡಸರು ಇನ್ನೂ, "ಬಿಡ್ರಿ ಆವಾಜ್," ಎನ್ನುತ್ತಲೇ ಇದ್ದರು. ಮಧ್ಯಂತರದಲ್ಲಿ ಅವರಲ್ಲಿ ಅರ್ಧದಷ್ಟು ಮಂದಿ ಎದ್ದು ಹೊರಗೆ ಬೀಡಿ ಸೇದಲು ಹೋದವರು ತಿರುಗಿ ಬರಲಿಲ್ಲ.

ರಬಕವಿಯವಳ ಗಂಡ ಮಾತ್ರ ಕೊನೆಯವರೆಗೆ ಕೂತಿದ್ದ. ಹೆಂಗಿತ್ತು ಎಂದು ಕೇಳಿದೆ. ಅವನು ನನ್ನ ಬಾಯಿಯನ್ನೇ ನೋಡುತ್ತಿದ್ದ.

"ಮುಖಾ ತೋರಿಸಿದಾಗ ತಿಳೀತೈತ್ರಿ ಅಕ್ಕಾರ. ಬೆನ್ನ ತಿರುವಿದ್ರ ಏನಂದ್ರೋ ಏನೋ," ಎಂದ, ಓಣಿಗೆಲ್ಲ ಕೇಳುವಷ್ಟು ಜೋರಾಗಿ.

ಹೆಂಡತಿ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು, "ಅವರ ಕಿವಿ ಹೋಗ್ಯಾವ್ರಿ. ಮಗ್ಗದವರೆಲ್ಲಾರದೂ ಹಂಗ. ಒಳಗ ಖಡಖಡದಾಗ ತುಟಿ ನೋಡೇ ಮಾತಾಡ್ತಾರು."

ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಮಗ್ಗದ ಸದ್ದಿನ ಪಕ್ಕದ ಮನೆಯಲ್ಲೇ ನಾನೂ ಎಷ್ಟೋ ವರ್ಷದಿಂದ ಇದ್ದೇನೆ. ಅವರ ಜೋರು ಮಾತನ್ನು ಅವರ ಊರ ಕಡೆಯ ರೂಢಿ ಎಂದುಕೊಂಡಿದ್ದೆ. ಪರವಾನಗಿ, ಬಾಗಿಲು, ಏರಿಯಾ ಎಂದು ಓಡಾಡಿ ಯಾರಿಗಾಗಿ ಥೇಟರ್ ಕಟ್ಟಿದೆನೋ ಅವರಿಗೇ ಅದು ಕೇಳಿಸದು.

ತೆರೆಯ ಕೆಳಗೆ ಕನ್ನಡದಲ್ಲಿ ಮಾತು ಬರೆದು ತೋರಿಸಿದರೆ ಓದಿಕೊಳ್ಳುತ್ತಾರೆ ಎನಿಸಿತು. ಏಜಂಟರಿಗೆ ಹೇಳಿದಾಗ ಅವರು ಬಿದ್ದು ಬಿದ್ದು ನಕ್ಕರು. ಕನ್ನಡ ಸಿನೆಮಾಕ್ಕೆ ಕನ್ನಡದ್ದೇ ಸಬ್‌ಟೈಟಲ್? ಬರುವ ಸಿನೆಮಾಗಳಲ್ಲಿ ಇಂಗ್ಲಿಷ್ ಮಾತ್ರ ಇರುತ್ತಿತ್ತು. ಅದು ನಮ್ಮ ಓಣಿಯಲ್ಲಿ ಯಾರಿಗೆ ಬೇಕು? ನಾವೇ ಬರೆಯೋಣವೆಂದರೆ ದೊಡ್ಡ ಸಿನೆಮಾಗಳಿಗೆ ಬೀಗ ಹಾಕಿಯೇ ಕಳಿಸುತ್ತಾರೆ, ನಾವು ತೋರಿಸಬಹುದು ಅಷ್ಟೆ, ಒಂದಕ್ಷರ ಸೇರಿಸಲಾಗದು.

ಇದೇ ಹೊತ್ತಿಗೆ ತವರಿನಿಂದ ಅಣ್ಣ ಫೋನ್ ಮಾಡಿ ಗಡಹಿಂಗ್ಲಜಕ್ಕೆ ಕರೆಸಿಕೊಂಡ. ಪೇಟೆಯ ಹತ್ತಿರ ಒಂದು ಹಾಲ್ ಖಾಲಿಯಾಗಿತ್ತು. ಅದಕ್ಕೆ ಎರಡೂ ಬದಿಗೆ ಅಗಲವಾದ ಬಾಗಿಲು, ಹೊರಗೆ ಗಾಡಿ ನಿಲ್ಲಿಸಲು ಜಾಗ. ನೋಡಿ ನನ್ನ ಹೊಟ್ಟೆ ಉರಿಯಿತು.

"ಇಲ್ಲೆ ಮಾಡವ್ವಾ ತಂಗಿ," ಎಂದ ಅಣ್ಣ. "ನಮ್ಮ ಮಂದಿ ಅದಾರ, ಛಲೋ ಫ್ಯಾಮಿಲಿ ಮಂದಿ. ಆ ಕಿವುಡರಿಗೆ ಸಿನೆಮಾ ತೋರಿಸಿ ಏನ್ ಮಾಡ್ತಿ?"

ಅಲ್ಲಿ ಎಲ್ಲ ಸಲೀಸಾಗಿ ಆಗುತ್ತಿತ್ತು ಎಂಬುದು ನನಗೂ ಗೊತ್ತಿತ್ತು. ಬರುವಾಗ ಬಸ್ಸಿನಲ್ಲಿ ಕಿಟಕಿಗೆ ತಲೆ ಇಟ್ಟು ಅದನ್ನೇ ಯೋಚಿಸಿದೆ. ಮನೆಗೆ ಬಂದು ಗಂಡನಿಗೆ ಹೇಳಿದೆ. ಒಪ್ಪುತ್ತಾರೆ ಎಂದುಕೊಂಡಿದ್ದೆ.

"ಖುರ್ಚಿ ಕಾಂಕ್ರೀಟಿನ್ಯಾಗ ಅದಾವು," ಎಂದರು. "ಕಿತ್ತಿದ್ರ ಮುರೀತಾವು. ನಾ ಕೀಳೂದಿಲ್ಲ."

ಆ ಮಾತಿನಲ್ಲಿ ಖುರ್ಚಿಯ ಚಿಂತೆ ಎಷ್ಟಿತ್ತು, ಬೇರೆ ಏನಿತ್ತು ನನಗೆ ತಿಳಿಯದು. ಅಣ್ಣನಿಗೆ ಆಗುವುದಿಲ್ಲ ಎಂದು ಹೇಳಿದೆ. ಅವನು ಇವತ್ತಿಗೂ ಸಿಟ್ಟಾಗಿದ್ದಾನೆ.

ಧಾರವಾಡದ ಒಬ್ಬ ಹುಡುಗ ಸ್ವಂತವಾಗಿ ಒಂದು ಸಿನೆಮಾ ಮಾಡಿ, ಯಾವ ಥೇಟರಿನವರೂ ಹಚ್ಚದೆ ಕೂತಿದ್ದಾನೆಂದು ಯಾರೋ ಹೇಳಿದರು. ಫೋನ್ ಮಾಡಿ, ಕೆಳಗೆ ಮಾತು ಬರೆದುಕೊಳ್ಳಬಹುದೇ ಎಂದು ಕೇಳಿದೆ. "ಬರ್ಕೋರಿ ಮೇಡಮ್ಮಾರ, ಯಾರರೆ ನೋಡಿದ್ರ ಸಾಕಾಗೇತಿ," ಎಂದ. ಅವನ ದನಿ ಕೇಳಿ ನನ್ನದೇ ದನಿ ಕೇಳಿದಂತಾಯಿತು.

ಅಡಿಗೆ ಕೆಲಸ ಮುಗಿಸಿ ದಿನಾ ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಮಾತು ಕೇಳಿ ಕನ್ನಡದಲ್ಲಿ ಬರೆದೆ. ಓಣಿಯ ಮಕ್ಕಳು ಮರಾಠಿ ಶಾಲೆಯವರು, ಅವರಿಗೆ ಕನ್ನಡ ಓದಲು ಬಾರದು. ಅವರೂ ದೊಡ್ಡವರ ಜೊತೆ ಓದಲೆಂದು ಕನ್ನಡದ ಕೆಳಗೆ ಮರಾಠಿ ಸಾಲು. ಅದನ್ನು ಬರೆದವರು ನನ್ನ ಗಂಡ. ಮೊದಮೊದಲು ಗೊಣಗುತ್ತ ಕೂತವರು, ಆಮೇಲೆ ನಾಯಕಿಯ ಒಂದು ಬೈಗುಳಕ್ಕೆ ಸರಿಯಾದ ಮರಾಠಿ ಬೈಗುಳ ಸಿಗದೆ ಊಟ ಬಿಟ್ಟು ಓಡಾಡಿದರು. ಕೊನೆಗೆ ಅದನ್ನು ಪಕ್ಕದ ಶೆಡ್ಡಿನ ಮಾಲಕರಿಂದ ಕೇಳಿ ತಂದರು. ಈ ಒಂದು ಕೆಲಸಕ್ಕೆ ಅವರು ನಾಳೆ ಎನ್ನಲಿಲ್ಲ.

ಆಟದ ದಿನ ಹಾಲ್ ತುಂಬಿತು. ಮಾತು ಶುರುವಾಗಿ ತೆರೆಯ ಕೆಳಗೆ ಅಕ್ಷರ ಮೂಡಿದ್ದೇ ತಡ, ಓದಲು ಬರುವವರು ಓದಲು ಬಾರದವರಿಗೆಂದು ಗಟ್ಟಿಯಾಗಿ ಓದತೊಡಗಿದರು. ಮಕ್ಕಳು ಮರಾಠಿ ಸಾಲನ್ನು ಶಾಲೆಯಲ್ಲಿ ಕವಿತೆ ಹೇಳಿದಂತೆ ಒಟ್ಟಿಗೆ ಓದಿದವು. ಕಿವಿ ಸರಿಯಿದ್ದವರಿಗೆ ಸಿನೆಮಾದ ಒಂದು ಮಾತೂ ಕೇಳದಾಯಿತು.

"ಏ ಸುಮ್ಮ ಕುಂದರ್ರೋ!" ಎಂದು ಹಿಂದಿನ ಸಾಲಿನವನೊಬ್ಬ ಎದ್ದು ನಿಂತ.

"ನೀ ಕೇಳ್ತಿ, ನಾವು ಓದ್ತೇವಿ. ನಿನಗೇನ್ ತ್ರಾಸು?" ಎಂದು ಮುಂದಿನವರು.

ದೀಪ ಹಾಕಿ, ಕೈ ಮುಗಿದು, ಎಲ್ಲರನ್ನೂ ಕೂರಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಆವತ್ತಿನಿಂದ ಎರಡು ಆಟ ಮಾಡಿದ್ದೇವೆ. ಒಂದು ಓದುವವರದು, ಒಂದು ಕೇಳುವವರದು. ಓದುವವರ ಆಟಕ್ಕೆ ಖುರ್ಚಿ ಸಾಲುವುದಿಲ್ಲ, ಕೇಳುವವರ ಆಟಕ್ಕೆ ನೊಣ ಹೊಡೆಯಬೇಕು. ಬೀಗವಿಲ್ಲದ ಸಿನೆಮಾ ಸಿಗುವುದು ಅಪರೂಪ, ಸಿಕ್ಕರೆ ಮಾತು ಬರೆಯಲು ತಿಂಗಳು ಬೇಕು. ಸಿಗದ ವಾರಗಳಲ್ಲಿ ಬಾಗಿಲು ಹಾಕಿಯೇ ಇರುತ್ತದೆ.

ಮೊನ್ನೆಯ ಆಟ ಬಿಟ್ಟ ಮೇಲೆ ನಾನು ಕಸ ಗುಡಿಸುತ್ತಿದ್ದೆ. ಹೊರಗೆ ರಬಕವಿಯವಳೂ ಅವಳ ಗಂಡನೂ ಜಗಳವಾಡುತ್ತಿದ್ದರು. ನಾಯಕ ಊರು ಬಿಟ್ಟು ಹೋದದ್ದು ತಾಯಿಯ ಮೇಲಿನ ಸಿಟ್ಟಿಗೆ ಎಂದು ಅವಳು, ಅಲ್ಲ, ನಾಚಿಕೆಯಾಗಿ ಹೋದ ಎಂದು ಅವನು. "ನಾ ಓದೇನಿ! ನನಗ ಹೇಳಬ್ಯಾಡ!" ಎಂದು ಅವನ ದನಿ ಗೋಡೆ ದಾಟಿ ಬರುತ್ತಿತ್ತು.

ಅವಳು ಒಳಗೆ ಬಂದು ನನ್ನ ಮೇಲೇ ಸಿಟ್ಟು ಮಾಡಿದಳು. "ನೋಡ್ರಿ ಅಕ್ಕಾರ, ಇಷ್ಟ ದಿನ ನಾ ಹೇಳಿದ್ದ ಕಥಿ ಆಗಿತ್ತು. ಈಗ ಎಲ್ಲಾದಕ್ಕೂ ವಾದಾ ಮಾಡ್ತಾರು."

ನಗು ಬಂತು. ಆದರೆ ನಗುವಷ್ಟರಲ್ಲಿ ಏಜಂಟರ ಫೋನ್ ಬಂತು. ಮುಂದಿನ ವಾರ ಕಳಿಸುತ್ತೇನೆ ಎಂದಿದ್ದ ಬೀಗವಿಲ್ಲದ ಸಿನೆಮಾ ಮಹಾರಾಷ್ಟ್ರಕ್ಕೆ ಬರುವುದಿಲ್ಲವಂತೆ. ಹುಬ್ಬಳ್ಳಿಗೆ ಕೇಳಿ ನೋಡಿ ಎಂದರು.